ಹುರುಪೆ ಮೈಯ ರಾಜಕುಮಾರಿ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೊನ್ನಾಂಬೆ ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನಿಗೆ ಅವಳೊಡನೆ ಮದುವೆ, ಅರ್ಧ ರಾಜ್ಯ. ತಪ್ಪಿದವನಿಗೆ ತಲೆ ಇಲ್ಲ!" ಅಂತ ದೊರೆ ಡಂಗುರ ಹೊಡೆಸಿದ.

ತಲೆ ಯಾಕೆ ಹೋಗಬೇಕು ಅಂತೀರಾ? ಒಗಟು ಕೇಳಿಸಿಕೊಂಡವನಿಂದ ಗುಟ್ಟು ಹೊರಬೀಳಬಾರದಲ್ಲ! ಮೈಯಲ್ಲಿ ಹುರುಪೆ ಏಳುವವರೆಲ್ಲ ಕೋಟೆಯಾಚೆ ಇರಬೇಕು, ಅವರನ್ನು ಮುಟ್ಟಿದವರೂ ಆಚೆಗೇ ಅಂತ ಸಾರಿದ್ದವನು ಇದೇ ದೊರೆ. ಈಗ ಅದೇ ರೋಗ ಅವನ ಮಗಳ ಮೊಣಕೈಗೆ, ತಲೆಗೆ ಬಂದಿತ್ತು. ಅವಳನ್ನು ಪರದೆಯ ಹಿಂದೆ ಬಚ್ಚಿಟ್ಟಿದ್ದ. ನನ್ನ ಸಂಕಟ ತಿಳಿದವನನ್ನೇ ಮದುವೆಯಾಗುತ್ತೇನೆ ಅಂತ ಅವಳು ಹಟ ಹಿಡಿದಿದ್ದಳು.

ಮೊದಲು ಬಂದ ರಾಜಕುಮಾರನನ್ನು ಕೇಳಿದಳು, "ದಿನಾ ಉದುರುತ್ತದೆ, ಎಂದೂ ಮುಗಿಯುವುದಿಲ್ಲ. ಏನದು?"

"ಮರದ ಎಲೆ" ಅಂದ. ತಲೆ ಹೋಯಿತು. ಇನ್ನೊಬ್ಬ "ಬೀಸುಕಲ್ಲಿನ ಹಿಟ್ಟು" ಅಂದ. ಅವನ ತಲೆಯೂ ಹೋಯಿತು. ಅಯ್ಯೋ, ಹೆತ್ತವಳ ಹೊಟ್ಟೆ ಎಷ್ಟು ಉರಿಯಿತೋ!

ಆಮೇಲೆ ಬಂದವನು ಗಾಣದ ಚನ್ನಬೀರ. "ತಲೆ ಭಾರವಾಗಿದೆಯೇನೋ?" ಅಂತ ಕಾವಲುಗಾರ ನಕ್ಕ.

ರಾಜಕುಮಾರಿ ಅದೇ ಒಗಟು ಕೇಳಿದಳು. "ಅದು ಮೈಯ ಹುರುಪೆ, ತಾಯಿ" ಅಂದ ಚನ್ನಬೀರ. "ಹಳೇ ಚರ್ಮ ಹೋಗುವ ಮೊದಲೇ ಹೊಸದು ಅವಸರಪಟ್ಟು ಬೆಳೆಯುತ್ತದೆ. ಕೆಂಪು ಕಲೆ, ಮೇಲೆ ಬೆಳ್ಳನೆಯ ಪುಡಿ."

ಪರದೆ ಅಲುಗಿತು. "ಉಣಿಸಿದಷ್ಟೂ ಹಸಿವು ಹೆಚ್ಚುವುದು ಯಾವುದಕ್ಕೆ?"

"ತುರಿಕೆಗೆ. ಕೆರೆದಲ್ಲೇ ಹೊಸ ಕಲೆ ಏಳುತ್ತದೆ, ಕೆರೆಯಬೇಡಿ. ಸುಡುನೀರು ಬೇಡ, ಉಗುರುಬೆಚ್ಚಗೆ ಸಾಕು. ಮೈ ಹಸಿಯಿರುವಾಗಲೇ ಎಣ್ಣೆ ಹಚ್ಚಿ. ಎಳೆಬಿಸಿಲಿಗೆ ಸ್ವಲ್ಪ ಹೊತ್ತು ಕೂತುಕೊಳ್ಳಿ. ಪೂರ್ತಿ ಹೋಗದು, ತಾಯಿ. ತಗ್ಗುತ್ತದೆ, ಮತ್ತೆ ಬರುತ್ತದೆ."

"ಕೊನೆಯದು" ಅಂದಳು. "ಒಂದು ಔಷಧ ನಮ್ಮಪ್ಪನ ಕೈಯಲ್ಲೇ ಇದೆ. ನಾನು ಕಾಯಿಲೆ ಬಿದ್ದಾಗಿನಿಂದ ಒಮ್ಮೆಯೂ ಕೊಟ್ಟಿಲ್ಲ."

ಚನ್ನಬೀರ ತಲೆ ತಗ್ಗಿಸಿ ನಿಂತುಬಿಟ್ಟ. ತಲೆ ಕಡಿಯುವ ಆಳು ಕತ್ತಿ ಎತ್ತಿದ.

"ಮುಟ್ಟುವುದು, ತಾಯಿ. ಇದು ಅಂಟುರೋಗವಲ್ಲ."

ಒಳಗಿನಿಂದ ಬಿಕ್ಕು ಕೇಳಿತು. ದೊರೆ ಎದ್ದು ಪರದೆ ಸರಿಸಿದ, ಕೈ ಚಾಚಿದ, ಹಿಂದೆಳೆದುಕೊಂಡ. ಕೊನೆಗೆ ಮಗಳನ್ನು ಬಾಚಿ ತಬ್ಬಿಕೊಂಡು ಗೊಳೋ ಅಂತ ಅತ್ತ.

"ಮದುವೆ, ಅರ್ಧ ರಾಜ್ಯ ಎರಡೂ ನಿನ್ನದೇ. ಇನ್ನೇನು ಬೇಕಪ್ಪ?"

"ಆಚೆ ಇರುವವರನ್ನು ಒಳಗೆ ಕರೆಸಿ, ದೊರೆ."

ಆಗಲೇ ಕೋಟೆ ಬಾಗಿಲು ತೆರೆಸಿದ. "ಅಂಟುವುದಿಲ್ಲ ಅಂತ ನಿನಗೆ ಹೇಗೆ ಗೊತ್ತಾಯಿತು?"

"ನಮ್ಮವ್ವನಿಗೂ ಇದೇ ಹುರುಪೆ, ಕೋಟೆಯಾಚೆ ಇದ್ದಳು. ದಿನಾ ಎಣ್ಣೆ ಒಯ್ದು ಕಲ್ಲಿನ ಮೇಲಿಟ್ಟು ದೂರ ನಿಲ್ಲುತ್ತಿದ್ದೆ. ಹತ್ತಿರ ಬಾರೋ ಅನ್ನೋಳು. ನಿಮ್ಮ ಆಜ್ಞೆಗೆ ಹೆದರಿ ಹೋಗಲಿಲ್ಲ. ಹೋದ ಚಳಿಗಾಲದಲ್ಲಿ ಸತ್ತಳು. ಹೊರಲು ಬೇರೆ ಯಾರೂ ಬರಲಿಲ್ಲ, ನಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದೆ." ಚನ್ನಬೀರ ತನ್ನೆರಡೂ ತೋಳು ಚಾಚಿ ತೋರಿಸಿದ. "ನೋಡಿ ದೊರೆ, ನನಗೇನೂ ಬಂದಿಲ್ಲ. ಅವಳು ಕರೆದಾಗಲೇ ಹೋಗಬಹುದಿತ್ತು."