ಎರಡು ಸಲ ಜಗ್ಗಿದ ಹಗ್ಗ

“ಗುರುಗಳೇ, ಯಾರನ್ನೂ ನಂಬದೆ ಇದ್ದರೆ ಮನುಷ್ಯನಿಗೆ ಪೆಟ್ಟು ಬೀಳುವುದಿಲ್ಲ ಅಲ್ಲವೇ?” ಎಂದು ನಂಜಯ್ಯ ಕೇಳಿದ. ಅವನ ಕಣ್ಣು ಅಂಗಳದಲ್ಲಿ ಬಾವಿಯ ಹಗ್ಗ ಹೊಸೆಯುತ್ತಿದ್ದ ಇನ್ನೊಬ್ಬ ಶಿಷ್ಯ ಸಿದ್ಧಲಿಂಗನ ಮೇಲಿತ್ತು. ಅವನು ತನ್ನ ಮೇಲೆ ಚಾಡಿ ಹೇಳುತ್ತಾನೆಂಬ ಗುಮಾನಿ ನಂಜಯ್ಯನಿಗೆ ಬಹಳ ದಿನಗಳಿಂದ ಇತ್ತು. ಗುರುಗಳಿಗೂ ಅದು ಗೊತ್ತಿತ್ತು. ಅವರು ಕತೆ ಹೇಳಿದರು.

ಒಬ್ಬ ಮುಳುಗುಗಾರನಿದ್ದ. ಕಡಲ ತಳದಿಂದ ಶಂಖ ತೆಗೆಯುವುದು ಅವನ ಕಸುಬು. ಕಡಲಲ್ಲಿ ಅವನು ಯಾವುದನ್ನೂ ನಂಬುತ್ತಿರಲಿಲ್ಲ. ಕಲ್ಲೆಂದು ಮುಟ್ಟಿದ್ದು ವಿಷಮುಳ್ಳಿನ ಮೀನಾಗಿರಬಹುದು. ಬರಿಯ ಮರಳೆಂದು ಕಾಲಿಟ್ಟಲ್ಲಿ ಬಾಲದಿಂದ ಚುಚ್ಚುವ ತೊರಕೆ ಮೀನು ಹೂತುಕೊಂಡಿರಬಹುದು. ಶಂಖವನ್ನೂ ಅವನು ಕೋಲಿನಿಂದ ಮಗುಚಿ ನೋಡಿಯೇ ಎತ್ತುತ್ತಿದ್ದ. ಜೊತೆಯವರು ನಗುತ್ತಿದ್ದರು. ನಗಲಿ, ಅವನ ಮೈಮೇಲೆ ಒಂದು ಗಾಯವೂ ಇರಲಿಲ್ಲ.

ಆದರೆ ಬೆನ್ನ ಹಿಂದಿನಿಂದ ತೇಲಿ ಬರುವ ಲೋಳೆಮೀನು ಮುಳುಗಿದವನಿಗೆ ಕಾಣುವುದಿಲ್ಲ. ಅದರ ನೂಲಿನಂಥ ಎಳೆ ಸೋಕಿದರೆ ಮೈ ಸುಟ್ಟಂತೆ ಉರಿಯುತ್ತದೆ. ಅದಕ್ಕೆಂದೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು ಅಲ್ಲಿಯ ರೂಢಿ. ದೋಣಿಯಲ್ಲಿ ಅವನ ಹೆಂಡತಿಯ ತಮ್ಮ ಹಗ್ಗ ಹಿಡಿದು ನೀರು ಕಾಯುತ್ತಿದ್ದ. ಲೋಳೆಮೀನು ಕಂಡು ಅವನು ಎರಡು ಸಲ ಜಗ್ಗಿದರೆ ಮುಳುಗುಗಾರ ಕೈಯಲ್ಲಿದ್ದುದನ್ನು ಬಿಟ್ಟು ಮೇಲೆ ಬರಬೇಕು. ಸರದಿ ಬದಲಾಗಿ ಮೈದುನ ಇಳಿದಾಗ ಮುಳುಗುಗಾರ ಹಗ್ಗ ಹಿಡಿಯಬೇಕು. ಯಾರು ತೆಗೆದ ಶಂಖ ಅವರಿಗೆ.

ಒಂದು ದಿನ ಶಂಖ ದಂಡಿಯಾಗಿ ಬಿದ್ದಿದ್ದ ಕಡೆ ಮುಳುಗುಗಾರ ಕೈಯಿಡುವಷ್ಟರಲ್ಲಿ ಹಗ್ಗ ಜಗ್ಗಿತು. ಮೇಲೆ ಬಂದು ನೋಡಿದರೆ ನೀರು ತಿಳಿಯಾಗಿತ್ತು. ಲೋಳೆಮೀನು ಆಗಲೇ ದಾಟಿಹೋಯಿತೆಂದು ಮೈದುನ ಹೇಳಿದ. ಮುಂದಿನ ಸರದಿ ಮೈದುನನದು. ಅವನು ಅದೇ ಜಾಗಕ್ಕೆ ಇಳಿದು ಬುಟ್ಟಿ ತುಂಬಿಸಿಕೊಂಡು ಬಂದ.

ಮುಳುಗುಗಾರನ ತಲೆಗೆ ಹುಳ ಹೊಕ್ಕಿತು. ನನಗೆ ಶಂಖ ಸಿಕ್ಕಾಗಲೆಲ್ಲ ಇವನಿಗೆ ಲೋಳೆಮೀನು ಕಾಣುತ್ತದೆ ಎಂದು ದಡದಲ್ಲಿ ಹತ್ತು ಜನರ ಮುಂದೆ ಅಂದೇಬಿಟ್ಟ. ಮೈದುನ ತಲೆ ತಗ್ಗಿಸಿದ.

ಮರುದಿನ ಮುಳುಗುಗಾರ ತಳದಲ್ಲಿದ್ದಾಗ ಮೈದುನನಿಗೆ ನೀರಿನಲ್ಲಿ ಬೆಳ್ಳಗೆ ಏನೋ ಕಂಡಿತು. ಹಗ್ಗ ಬಿಗಿಹಿಡಿದ. ಜಗ್ಗಲಿಲ್ಲ. ಹತ್ತಿರ ಬರಲಿ, ಖಾತ್ರಿಯಾಗಲಿ ಎಂದು ಕಾದ. ಖಾತ್ರಿಯಾಗುವಷ್ಟರಲ್ಲಿ ಲೋಳೆಮೀನಿನ ಎಳೆಗಳು ಭಾವನ ಕುತ್ತಿಗೆಯನ್ನೂ ಬಲತೋಳನ್ನೂ ಸುತ್ತಿಕೊಂಡಿದ್ದವು. ಅಳುತ್ತಲೇ ಅವನನ್ನು ದೋಣಿಗೆ ಎಳೆದುಕೊಂಡ.

ಉಸಿರು ಮರಳಿದ ಮೇಲೆ ಮುಳುಗುಗಾರ ಕೇಳಿದ, “ನಿನಗೆ ಮೊದಲೇ ಕಂಡಿತ್ತೋ?”

“ಕಂಡಿತ್ತು ಭಾವ. ಆಗಲೇ ಜಗ್ಗಿದ್ದರೆ ನೀವು ಏನು ಅನ್ನುತ್ತಿದ್ದಿರಿ?”

ಮುಳುಗುಗಾರ ಬದುಕಿಕೊಂಡ. ಬಲಗೈ ಮಾತ್ರ ಮತ್ತೆ ಸ್ವಾಧೀನಕ್ಕೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಂಜಯ್ಯ, ಮೈದುನ ಬೇಕೆಂದೇ ತಡಮಾಡಿರಬಹುದಲ್ಲವೇ ಎಂದ.

ಗುರುಗಳು ಅಂಗಳದ ಕಡೆ ನೋಡಿ ಹೇಳಿದರು, “ನಾಳೆ ಹೂಳೆತ್ತಲು ಬಾವಿಗೆ ಇಳಿಯುವವನು ನೀನು; ಮೇಲೆ ಹಗ್ಗ ಹಿಡಿಯಲು ಯಾರಿಗೆ ಹೇಳಲಿ?”