ಯಾರೂ ತಡೆಯದ ಕಾಶೀಯಾತ್ರೆ

ಕಾಶಿಗೆ ನಾನು ನೂರು ಸಲ ಹೋಗಿದ್ದೀನಿ, ನನ್ನನ್ನು ಕಂಡರೆ ಗಂಗೆ ಎರಡು ಮೆಟ್ಟಿಲು ಹತ್ತಿ ಬಂದು ಊಟ ಆಯ್ತಾ ಅಂತ ಕೇಳುತ್ತಾಳೆ. ಸುಳ್ಳು ಕಣೋ. ಹುಬ್ಬಳ್ಳಿ ದಾಟಿದವನಲ್ಲ ನಾನು. ನಿಮ್ಮಜ್ಜಿ ಊರಿಗೆ ಹೋಗಿದ್ದಾಳೆ, ಅದಕ್ಕೇ ಅವಳ ಕತೆ ಹೇಳೋ ಕೆಲಸ ಈ ಮಾವನ ತಲೆಗೆ ಬಿದ್ದಿದೆ. ಹೊದ್ದುಕೋ, ಹೂಂಗುಟ್ಟು.

ಒಂದಾನೊಂದು ಕಾಲದಲ್ಲಿ, ಆಗ ನಿಮ್ಮಜ್ಜಿಗೆ ಇನ್ನೂ ಹಾಲುಹಲ್ಲೇ ಬಂದಿರಲಿಲ್ಲ, ನಾಗವೇಣಿ ಅಂತ ಒಬ್ಬ ಹುಡುಗಿ ಇದ್ದಳಂತೆ. ಅವಳ ಮದುವೆ ದಿನ. ಮದುಮಗ ಕೊಡೆ ಹಿಡಿದು, ಕೋಲೂರಿ, ನನಗೆ ಸಂಸಾರ ಬೇಡ, ಕಾಶಿಗೆ ಹೋಗಿ ಸನ್ಯಾಸಿ ಆಗ್ತೀನಿ ಅಂತ ಹೊರಡೋ ಶಾಸ್ತ್ರ ಇದೆಯಲ್ಲ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಹೆಣ್ಣಿನ ಅಪ್ಪ ಕಾಯಿ ಬೆಲ್ಲ ಹಿಡಿದು ಓಡಿಬಂದು ಹೋಗಬೇಡಪ್ಪಾ ಅಂತ ತಡೀಬೇಕು. ಮದುಮಗ ಅಚ್ಯುತ ಹೊರಟನಂತೆ. ನಾಗವೇಣಿಯ ಅಪ್ಪ ಕೇಶವ ಜೋಯಿಸರು ಆ ಹೊತ್ತಿಗೆ ಅಡುಗೆಮನೇಲಿ ಹೋಳಿಗೆ ಹೂರಣದ ರುಚಿ ನೋಡ್ತಿದ್ದರಂತೆ. ಸುಡುಸುಡು ಹೂರಣ ನಾಲಿಗೆಗೆ ಅಂಟಿ, ಅವರು ಬಾಯಿ ಬಿಟ್ಟುಕೊಂಡು ಬಾವಿ ಕಡೆ ಓಡಿದರಂತೆ. ಅಚ್ಯುತನಿಗೋ, ತಾನಾಗಿ ತಿರುಗಿದರೆ ವಂಶದ ಮಾನ ಹೋಗುತ್ತೆ ಅಂತ ಹಟ. ಬೀದಿ ದಾಟಿದ, ಊರೂ ದಾಟಿದ.

ನಾಗವೇಣಿ ಹಸೆಯಿಂದ ಎದ್ದೇ ಬಿಟ್ಟಳಂತೆ. ಹೆಣ್ಣು ನೋಡೋಕೆ ಬಂದಾಗ ಅವಳ ಉಪ್ಪಿಲ್ಲದ ಉಪ್ಪಿಟ್ಟನ್ನು ಚೆನ್ನಾಗಿದೆ ಅಂತ ಎರಡನೇ ಸಲ ಹಾಕಿಸಿಕೊಂಡವನು ಅವನು, ಅಂಥವನನ್ನು ಬಿಡೋದುಂಟೇ? ಬಾಸಿಂಗ ಕಟ್ಟಿಕೊಂಡೇ, ಬೆಲ್ಲದಚ್ಚು ಸೆರಗಿಗೆ ಕಟ್ಟಿ, ಹಿಂದೆ ಬಿದ್ದಳಂತೆ.

ಕೃಷ್ಣಾ ನದಿ ದಡದಲ್ಲಿ ಸಿಕ್ಕ. ರೀ, ನಿಲ್ಲಿ ಅಂದಳು. ಕರೀಬೇಕಾದವರು ನಿಮ್ಮಪ್ಪ ಅಂತ ದೋಣಿ ಹತ್ತಿದನಂತೆ.

ಆಮೇಲೆ ನರ್ಮದೆ ದಡದಲ್ಲಿ ಸಿಕ್ಕ. ಅಪ್ಪನ ಪರವಾಗಿ ತಂದಿದೀನಿ, ತಗೊಳ್ಳಿ ಬೆಲ್ಲ ಅಂದಳು. ಅವನು ಜೊಲ್ಲು ನುಂಗಿ, ಅಪ್ಪನ ಕೈಯಿಂದಲೇ ಆಗಬೇಕು ಅಂದನಂತೆ. ಇವಳು ಅವನ ಎದುರಿಗೇ ಕೂತು ಅಷ್ಟೂ ಬೆಲ್ಲ ಕಟಕಟ ಕಡಿದು ತಿಂದಳಂತೆ.

ಆಮೇಲೆ ಕಾಶಿ ಬಂತು. ಗಂಗೆಯ ಮೆಟ್ಟಿಲ ತುಂಬ ಕೊಡೆಗಳೇ ಕೊಡೆಗಳು, ಒಂದೊಂದರ ಕೆಳಗೂ ಒಬ್ಬೊಬ್ಬ ಪುರೋಹಿತ. ಎಲ್ಲಿ ಅಂತ ಹುಡುಕೋದು? ಒಂದು ಕೊಡೆಗೆ ಮಾತ್ರ ಬಾಡಿದ ಮದುವೆ ಮಲ್ಲಿಗೆ ಜೋತಾಡ್ತಿತ್ತಂತೆ. ಓಡಿದಳು. ಅಚ್ಯುತ ನೀರಲ್ಲಿ ಎರಡು ಮುಳುಗು ಹಾಕಿಯಾಗಿತ್ತು. ಮೂರನೇದು ಹಾಕಿದರೆ ಕಾವಿ ಬಟ್ಟೆ, ಮದುವೆ ಮುರಿದ ಹಾಗೇ.

ಬನ್ನಿ ಅಂದಳು. ನನಗೂ ಬರೋ ಆಸೆ ಕಣೇ, ಆದರೆ ಯಾರೂ ತಡೆಯದೆ ತಾನಾಗಿ ತಿರುಗಿದ ಮದುಮಗ ನಮ್ಮ ವಂಶದಲ್ಲೇ ಇಲ್ಲ ಅಂತ ಗಡಗಡ ನಡುಗುತ್ತ ಮೂಗು ಹಿಡಿದನಂತೆ.

ನಾಗವೇಣಿಗೆ ರೇಗಿತು. ಅವನ ಕೊಡೆ ಕಿತ್ತುಕೊಂಡು, ಪಾದುಕೆ ಮೆಟ್ಟಿ, ಕೋಲು ಕುಟ್ಟಿ, ಗಂಗೆಗೆಲ್ಲ ಕೇಳೋ ಹಾಗೆ ಕೂಗಿದಳಂತೆ: ನನಗೂ ಸಂಸಾರ ಬೇಡ! ನಾನು ರಾಮೇಶ್ವರಕ್ಕೆ ಹೊರಟೆ. ತಡೆಯೋರಿದ್ದರೆ ತಡೀಲಿ!

ಹೇಳಿದವಳೇ ದಕ್ಷಿಣಕ್ಕೆ ದಾಪುಗಾಲು. ಅಚ್ಯುತ ಮೂರನೇ ಮುಳುಗು ಮರೆತು ಒದ್ದೆ ಪಂಚೇಲೇ ಓಡಿಬಂದ. ಹೋಗಬೇಡ ಮಾರಾಯ್ತಿ!

ಕರೀಬೇಕಾದವರು ನಿಮ್ಮಮ್ಮ ಅಂದಳಂತೆ, ತಿರುಗಿ ಕೂಡ ನೋಡದೆ.

ಬೇಡಿಕೊಳ್ತಾ ಬೇಡಿಕೊಳ್ತಾ ಅವನು ನರ್ಮದೆ ದಾಟಿದ, ಕೃಷ್ಣೆ ದಾಟಿದ, ಪಂಚೆ ಒಣಗಿತು, ಊರೂ ಬಂತು. ಮಂಟಪದ ಬಾಗಿಲಲ್ಲಿ ಅಚ್ಯುತನ ಅಮ್ಮ ಕೈಚಾಚಿ, ಬಾರೇ ನಮ್ಮವ್ವಾ, ಇವನಿಗಿಂತ ನೀನೇ ಗಟ್ಟಿ ಅಂದರಂತೆ. ಪಕ್ಕದಲ್ಲಿ ಬಾಯಿ ವಾಸಿಯಾದ ಜೋಯಿಸರು ಕಾಯಿ ಬೆಲ್ಲ ಹಿಡಿದು, ಯಾರನ್ನು ತಡೀಲಿ ಅಂತ ಅತ್ತ ಇತ್ತ ನೋಡ್ತಿದ್ದರಂತೆ. ಅಳಿಯನಿಗೇ ಕೊಡಿ ಅಪ್ಪಾ, ಹಸಿದಿದಾರೆ ಅಂದಳಂತೆ ನಾಗವೇಣಿ. ಓಲಗ ಮೊಳಗಿತು, ಕೊರಳಿಗೆ ತಾಳಿ ಬಿತ್ತು, ಹೊಸ ಹೋಳಿಗೆ ಬೆಂದಿತು. ಜೋಯಿಸರು ಈ ಸಲ ಊದಿ ಊದಿ ಆರಿಸಿ ತಿಂದರಂತೆ. ಆ ಮನೆಯ ಮದುವೇಲಿ ಈಗಲೂ ಕೊಡೆ ಹಿಡಿದು ಹೊರಡೋದು ಮದುಮಗಳು, ಹಿಂದೆ ಬೆಲ್ಲ ಹಿಡಿದು ಓಡೋದು ಮದುಮಗ.

ಅವರು ಅಲ್ಲಿ ಸುಖವಾಗಿದ್ದಾರೆ, ನಮ್ಮ ಕತೆ ಇಲ್ಲಿ ಮುಗೀತು. ನಿದ್ದೆ ಬಂತಾ? ತಡಿ, ಕಣ್ಣು ಮುಚ್ಚೋ ಮುಂಚೆ ಅಮ್ಮನಿಗೆ ಕೂಗಿ ಹೇಳು, ಕತೆಯ ಕೂಲಿ ಅಂತ ಮಾವನಿಗೆ ಒಂದು ಲೋಟ ಟೀ ಕೊಡಬೇಕಂತೆ. ಕೊಡದಿದ್ದರೆ ನಾನು ಕಾಶಿಗೆ ಹೊರಟೆ.