ಒಂದೂ ತಪ್ಪು ಕಾಣದ ಲಿಂಟರ್

ನದಿಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಧ್ಯಾನದ ಜೊತೆಗೆ ಕೋಡ್ ಬರೆಯುವುದನ್ನೂ ಕಲಿಸುತ್ತಿದ್ದರು. ಗುರು ನಿರ್ವಾಣಪ್ಪನವರನ್ನು ಶಿಷ್ಯರೆಲ್ಲ ಅಪ್ಪಾರು ಎಂದೇ ಕರೆಯುತ್ತಿದ್ದರು.

ಆಶ್ರಮದ ಕಟ್ಟಳೆ ಒಂದೇ. ಬರೆದ ಕೋಡನ್ನು ಮೊದಲು ತನ್ನ ಕಂಪ್ಯೂಟರಿನಲ್ಲೇ ಲಿಂಟರಿಗೆ ತೋರಿಸಬೇಕು. ಲಿಂಟರ್ ಎಂದರೆ ಕೋಡಿನ ತಪ್ಪು ಹುಡುಕಿ ಹೇಳುವ ತಂತ್ರಾಂಶ. ಅದು ಒಪ್ಪಿದ ಮೇಲೆಯೇ ಅಪ್ಪಾರ ಮುಂದೆ ಬರಬೇಕು.

ಲಿಂಟರ್ ಇದ್ದದ್ದು ಒಂದು ಕಂಟೇನರಿನೊಳಗೆ. ಶಿಷ್ಯರು ಅದನ್ನು ಪೆಟ್ಟಿಗೆ ಎನ್ನುತ್ತಿದ್ದರು. ಬೇಕಾದ್ದನ್ನೆಲ್ಲ ಒಳಗೇ ಇಟ್ಟುಕೊಂಡು ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಥರ ನಡೆಯುವ ಪೆಟ್ಟಿಗೆ. ನಾವಾಗಿ ತೋರಿಸದ ಹೊರತು ಹೊರಗಿನದೇನೂ ಅದಕ್ಕೆ ಕಾಣುವುದಿಲ್ಲ.

ಶಿಷ್ಯರಲ್ಲಿ ತೋಂಟೇಶ ಚುರುಕು. ತಾನು ಚುರುಕು ಎಂಬುದು ಅವನಿಗೂ ಗೊತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ.

ಆ ಬೇಸಿಗೆಯಲ್ಲಿ ಅವನ ಪಾಲಿಗೆ ಬಂದದ್ದು ದೊಡ್ಡ ಕೆಲಸ. ನದಿ ಬತ್ತಿದಾಗ ಎರಡೂ ದಂಡೆಯ ಮರಳಿನಲ್ಲಿ ಕಲ್ಲಂಗಡಿ ಬೆಳೆಯುವವರು ನರಿಗಳಿಂದ ಹಣ್ಣು ಕಾಯುತ್ತ ಬಳ್ಳಿಗಳ ನಡುವೆಯೇ ಮಲಗುತ್ತಿದ್ದರು. ಮೇಲಿನಿಂದ ನೀರು ಯಾವ ಹೊತ್ತಿನಲ್ಲಿ ಬರುತ್ತದೋ ಹೇಳುವಂತಿಲ್ಲ. ನೀರು ಏರಿದ ಕೂಡಲೇ ಅವರ ಫೋನುಗಳಿಗೆ ಕರೆ ಹೋಗಬೇಕು. ತೋಂಟೇಶ ಅದಕ್ಕೊಂದು ಪ್ರೋಗ್ರಾಂ ಬರೆದ; ಅದು ಬರೆದು ಮುಗಿದ ದಿನದ ಸಂಜೆಯಿಂದಲೇ ನಡೆಯಬೇಕಿತ್ತು.

ಆ ದಿನ ಮುಂಜಾನೆ ಎಡದಂಡೆಯ ಹುಲಿಗೆವ್ವ ಹಣ್ಣು ಕೊಡಲು ಬಂದಿದ್ದಳು. ಸೊಂಟದ ಮೇಲೊಂದು ಕೂಸು.

"ನೀರು ಬಂದ್ರ ಫೋನ್ ಬರತೈತಲ್ಲೋ ತಮ್ಮಾ?"

"ಬರತೈತವ್ವಾ. ನಿಶ್ಚಿಂತಿಂದ ಮಲಕ್ಕೋ."

ಮಧ್ಯಾಹ್ನ ತೋಂಟೇಶ ಲ್ಯಾಪ್‌ಟಾಪ್ ಎದೆಗವಚಿಕೊಂಡು ನದಿಗೆ ಇಳಿದ. ಅಪ್ಪಾರು ಕಲ್ಲಿನ ಮೇಲೆ ಕುಳಿತು ಧೋತರ ಹಿಂಡುತ್ತಿದ್ದರು.

"ಅಪ್ಪಾರ, ಲಿಂಟರ್ ಒಂದೂ ತಪ್ಪಿಲ್ಲ ಅಂತು."

"ಎಷ್ಟು ಹೊತ್ತು ನೋಡಿತು?"

"ಕಣ್ಣು ಮುಚ್ಚಿ ತೆಗಿಯೋದ್ರೊಳಗ ಮುಗೀತ್ರಿ!" ಅವನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು.

ಅಪ್ಪಾರು ಧೋತರವನ್ನು ಕಲ್ಲಿನ ಮೇಲೆ ಹರವಿದರು. "ಕೋಡ್ ತೆಗಿ ಇಲ್ಲಿ."

ತೋಂಟೇಶ ತೆಗೆದ. ಅಪ್ಪಾರು ಕೈ ಒರೆಸಿಕೊಂಡು, ಕೋಡಿನ ನಟ್ಟನಡುವೆ ಬೆರಳು ಬಿದ್ದಲ್ಲೆಲ್ಲ ಒತ್ತಿದರು. ಮಗು ಗೀಚಿದಂತೆ ಒಂದು ಸಾಲು ತುಂಬಿತು.

"ಅಯ್ಯೋ ಅಪ್ಪಾರ, ಕೆಡಸಿದ್ರಲ್ಲ!"

"ಹೌದು. ಈಗ ಕೇಳು ಅದನ್ನ."

ತೋಂಟೇಶ ಲಿಂಟರನ್ನು ಮತ್ತೆ ಓಡಿಸಿದ.

ಒಂದೂ ತಪ್ಪಿಲ್ಲ, ಎಂದಿತು ಲಿಂಟರ್.

ಅಪ್ಪಾರು ಎರಡನೇ ಧೋತರ ನೀರಿಗದ್ದಿದರು.

ತೋಂಟೇಶ ಅಲ್ಲೇ ಕುಕ್ಕರಿಸಿ, ಲಿಂಟರ್ ಓಡಿಸಲು ತಾನು ಕೊಟ್ಟ ಆಜ್ಞೆಯನ್ನು ಅಕ್ಷರ ಅಕ್ಷರ ಓದಿದ. ಸಿಕ್ಕಿತು. ಪೆಟ್ಟಿಗೆಗೆ ತನ್ನ ಕೋಡಿನ ಫೋಲ್ಡರನ್ನು ಜೋಡಿಸುವ ತುಣುಕನ್ನೇ ಅವನು ಬಿಟ್ಟಿದ್ದ. ಪೆಟ್ಟಿಗೆ ತನ್ನೊಳಗಿನ ಖಾಲಿ ಫೋಲ್ಡರನ್ನು ನೋಡಿತ್ತು. ಖಾಲಿಯಲ್ಲಿ ತಪ್ಪೆಲ್ಲಿಂದ ಬರಬೇಕು?

"ಅಪ್ಪಾರ, ಅದು ನನ್ನ ಕೋಡ್ ನೋಡೇ ಇಲ್ರಿ. ನೋಡಿಲ್ಲ ಅಂತ ಹೇಳಬೇಕಿತ್ತಲ್ಲ?"

"ನೀ ಏನು ಕೇಳಿದ್ದಿ?"

"ತಪ್ಪು ಅದಾವೇನು ಅಂತ."

"ಅದು ಕೇಳಿದ್ದಕ್ಕ ಉತ್ತರ ಕೊಟ್ಟೈತಿ. ನಿನಗ ಆ ಉತ್ತರ ಸಿಹಿ ಹತ್ತಿತು, ಅದಕ್ಕ ಮುಂದ ಕೇಳಲಿಲ್ಲ."

ತೋಂಟೇಶ ಗೀಚಿದ ಸಾಲನ್ನು ಅಳಿಸಿದ, ಫೋಲ್ಡರ್ ಜೋಡಿಸಿದ, ಓಡಿಸಿದ. ಈ ಸಲ ಪೆಟ್ಟಿಗೆ ತಡ ಮಾಡಿತು. ಆಮೇಲೆ ಪರದೆಯ ತುಂಬ ಕೆಂಪು.

ಬಹಳಷ್ಟು ಸಣ್ಣಪುಟ್ಟ ತಪ್ಪುಗಳು. ಅವುಗಳ ನಡುವೆ ಒಂದು ಸಾಲು: ಈ ಭಾಗ ಎಂದಿಗೂ ನಡೆಯುವುದಿಲ್ಲ.

ಅದು ಎಡದಂಡೆಗೆ ಕರೆ ಮಾಡುವ ಭಾಗ. ಬಲದಂಡೆಯ ಕರೆಗಳು ಮುಗಿದೊಡನೆ ಕೆಲಸ ನಿಲ್ಲಿಸು ಎಂದು ಅವನೇ ಬರೆದಿದ್ದ. ಎಡದಂಡೆಯವರನ್ನು ಅದರ ಕೆಳಗೆ ಇಟ್ಟಿದ್ದ.

ಸೊಂಟದ ಮೇಲಿನ ಆ ಕೂಸು ನೆನಪಾಗಿ ಅವನಿಗೆ ಅಳು ಬಂತು. ಅತ್ತ. ಅಪ್ಪಾರು ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಧೋತರದ ಒಂದು ತುದಿ ಅವನ ಕೈಗೆ ಕೊಟ್ಟರು. ಇಬ್ಬರೂ ಸೇರಿ ಹಿಂಡಿದರು.

ಆಮೇಲೆ ಅವನು ಕೂತು ಒಂದೊಂದೇ ತಪ್ಪು ತಿದ್ದಿದ. ಬಿಸಿಲು ಇಳಿಯುವ ಹೊತ್ತಿಗೆ ಪೆಟ್ಟಿಗೆ ಮತ್ತೆ ಅದೇ ಮಾತು ಹೇಳಿತು. ಒಂದೂ ತಪ್ಪಿಲ್ಲ.

ಈ ಸಲ ತೋಂಟೇಶ ಕುಣಿಯಲಿಲ್ಲ. ಬೇಕೆಂದೇ ಒಂದು ತಪ್ಪು ಸಾಲು ಬರೆದ. ಪೆಟ್ಟಿಗೆ ಹಿಡಿಯಿತು. ಅಳಿಸಿದ. ಪೆಟ್ಟಿಗೆ ಸುಮ್ಮನಾಯಿತು. ನೀರು ಏರಿತೆಂದು ಪ್ರೋಗ್ರಾಮಿಗೆ ಸುಳ್ಳೇ ನಂಬಿಸಿ, ಎಡದಂಡೆಯವರ ಪಟ್ಟಿಗೆ ತನ್ನ ಫೋನನ್ನೂ ಸೇರಿಸಿ ಕಾದ. ಎಚ್ಚರಿಕೆಯ ಕರೆ ಬಂತು. ಗಾಬರಿಯಾಗದಿರಲೆಂದು, ಇದು ಬರೀ ಪರೀಕ್ಷೆ ಎಂದು ಮರಳಿನವರಿಗೆ ಮೊದಲೇ ಕೂಗಿ ಹೇಳಿದ್ದ. ಎಡದಂಡೆಯ ಗುಡಿಸಲುಗಳಲ್ಲೂ ಫೋನುಗಳು ಹೊಡೆದುಕೊಂಡವು. ಹುಲಿಗೆವ್ವ ಅಲ್ಲಿಂದಲೇ ಕೈಯೆತ್ತಿ ತೋರಿಸಿದಳು.

ಅವನು ಅಪ್ಪಾರ ಮುಂದೆ ಬಂದು ನಿಂತ.

"ಅಪ್ಪಾರ, ಈಗ ಲಿಂಟರ್ ಒಂದೂ ತಪ್ಪಿಲ್ಲ ಅಂತೈತಿ. ಶುರು ಮಾಡ್ಲೇನ್ರಿ?"

ಅಪ್ಪಾರು ಒಣಗಿದ ಧೋತರಗಳನ್ನು ಮಡಚುತ್ತಿದ್ದರು. ಆಚೆ ಮರಳಿನ ಮೇಲೆ ಹೆಂಗಸರು ರಾತ್ರಿ ಮಲಗಲು ಚಾಪೆ ಹಾಸತೊಡಗಿದ್ದರು. ಅಪ್ಪಾರು ಅತ್ತ ಒಮ್ಮೆ ನೋಡಿ, ಶಿಷ್ಯನತ್ತ ತಿರುಗಿದರು.

"ಲಿಂಟರ್ ಏನಂತು ಅನ್ನೋದು ಕೇಳಿದೆ. ಇವತ್ತು ರಾತ್ರಿ ನೀ ಎಲ್ಲಿ ಮಲಗತಿ, ಅದನ್ನ ಹೇಳು."